ಸೋಮೇಶನ ಎಡೆಗೆ ಬಂಗುಡೆ

ಹಿರೇವಡ್ಡಟ್ಟಿ
15 ಜೂನ್ 2025

ಶೃತಿ,

ಕೈಯಲ್ಲಿ ಫೋನು ಇಟ್ಟುಕೊಂಡು ಸೊಸೆಗೆ ಕಾಗದ ಬರೆಯುವವಳು ಇಡೀ ಮುಂಡರಗಿ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ನಗು ಬಂದರೆ ನಕ್ಕುಬಿಡು. ಫೋನಿನಲ್ಲಿ ಕಳೆದ ಮೂರು ಸಲವೂ ಏನಾಯಿತು ಹೇಳು. ನೀನು 'ಆರಾಮ ಇದ್ದೀರಾ' ಎಂದೆ, ನಾನು 'ಹೂಂ, ಅದೀವಿ' ಎಂದೆ, ಆಮೇಲೆ ಆ ಕಡೆ ನಿನ್ನ ಅಳು, ಈ ಕಡೆ ನನ್ನದು. ಅಷ್ಟರಲ್ಲಿ ನಿನ್ನ ಮಾವ ಬಂದು ಫೋನು ಕಸಿದುಕೊಂಡು ಮಳೆ ಎಷ್ಟಾಯಿತು ಎಂದು ಕೇಳಿ ಇಟ್ಟುಬಿಟ್ಟರು. ಕಾಗದದಲ್ಲಾದರೆ ಅತ್ತರೂ ಅಕ್ಷರ ನಿಲ್ಲುತ್ತದೆ. ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಮಕ್ಕಳ ಹಾಜರಿ, ತೂಕ ಬರೆದ ಕೈ ಇದು. ಸುಮ್ಮನಿರು ಎಂದರೆ ಸುಮ್ಮನಿರುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ ಮಹಾಲಯ ಅಮಾವಾಸ್ಯೆ. ಸೋಮೇಶನಿಗೆ ಎರಡನೆಯ ಎಡೆ. ಹೋದ ವರ್ಷ ನೀನು ಬರಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಮಟನ್ನು, ಹೋಳಿಗೆ, ಅವನು ಜಗಿಯುತ್ತಿದ್ದ ಆ ದರಿದ್ರ ಗುಟ್ಕಾದ ಚೀಟಿ ಸಮೇತ ಎಲ್ಲ ಇಟ್ಟೆ. ಮಾಳಿಗೆಯ ಮೇಲೆ ಕಾಗೆ ಬಂತು, ಎಡೆಯನ್ನು ನೋಡಿತು, ಕತ್ತು ಆ ಕಡೆ ತಿರುಗಿಸಿ ಹೋಯಿತು. ಥೇಟ್ ನನ್ನ ಮಗ. ಬೇಡವಾದ ಪಲ್ಯ ಬಡಿಸಿದಾಗ ಹಾಗೇ ಮಾಡುತ್ತಿದ್ದ.

ಅವನಿಗೆ ಬೇಕಾಗಿದ್ದುದು ಯಾವುದೆಂದು ನನಗೆ ಗೊತ್ತು. ನೀನು ಹಿತ್ತಲಲ್ಲಿ ಮಾಡಿಕೊಡುತ್ತಿದ್ದ ಬಂಗುಡೆ. ಉಳ್ಳಾಗಡ್ಡಿ ಹೇರಿಕೊಂಡು ಕುಮಟೆಗೆ ಹೋದ ಅವನ ಲಾರಿ ಬರುವಾಗ ಮೊದಲು ಮೀನು ತಂದಿತು, ಆಮೇಲೆ ನಿನ್ನನ್ನೇ ತಂದಿತು. ಹೆಸರಿಗೆ ನೀವೂ ಅಂಬಿಗರು, ನಾವೂ ಅಂಬಿಗರು. ಆದರೆ ನಿಮ್ಮದು ಉಪ್ಪುನೀರು, ನಮ್ಮದು ತುಂಗಭದ್ರೆ. ನೀನು ಮೀನು ಮಾಡುವಾಗ ನಾಲ್ಕು ವರ್ಷವೂ ನಾನು ಮೂಗಿಗೆ ಸೆರಗು ಹಿಡಿದುಕೊಂಡು ಪಡಸಾಲೆಯಲ್ಲಿ ಕುಳಿತಿದ್ದೆ. ಒಂದು ಸಲವಾದರೂ ಎದ್ದು ಬಂದು ನೋಡಿದ್ದರೆ ಈಗ ಈ ಕಾಗದ ಬರೆಯಬೇಕಿರಲಿಲ್ಲ.

ನೀನೇ ಬಂದು ನಿನ್ನ ಕೈಯಾರೆ ಮಾಡಿ ಎಡೆ ಇಡಬೇಕು. ಇದು ನನ್ನ ಆಸೆ. ಬರುತ್ತೀಯೋ ಇಲ್ಲವೋ, ಮಾಡುವ ಬಗೆಯನ್ನಂತೂ ಬರೆದು ಕಳಿಸು. ಈಗಿನಿಂದಲೇ ಕೈ ಪಳಗಿಸಿಕೊಳ್ಳುತ್ತೇನೆ.

ಶಂಕ್ರೆವ್ವ

*

ಕುಮಟಾ
28 ಜೂನ್ 2025

ಪೂಜ್ಯ ಅತ್ತೆಯವರಿಗೆ ನಮಸ್ಕಾರ.

ಪತ್ರ ತಲುಪಿತು. ಈಗ ಇಲ್ಲಿ ದೋಣಿಗಳನ್ನೆಲ್ಲ ದಡಕ್ಕೆ ಎಳೆದು ಕಟ್ಟಿದ್ದಾರೆ. ಜುಲೈ ಮುಗಿಯುವವರೆಗೆ ಒಳ್ಳೆಯ ಬಂಗುಡೆ ಸಿಗುವುದು ಕಷ್ಟ. ನಿಮ್ಮಲ್ಲಿ ಗದಗ-ಬೆಟಗೇರಿ ಮಾರ್ಕೆಟ್ಟಿಗೆ ಮಂಜುಗಡ್ಡೆಯ ಮೀನು ಬರುತ್ತದೆ. ಕಣ್ಣು ತಿಳಿಯಾಗಿರುವುದನ್ನು, ಕಿವಿರು ಕೆಂಪಗಿರುವುದನ್ನು ನೋಡಿ ತರಿಸಿ.

ಹೊಟ್ಟೆ ಸೀಳಿ ಚೆನ್ನಾಗಿ ತೊಳೆಯಿರಿ. ಎರಡೂ ಬದಿಗೆ ಮೂರು ಮೂರು ಗೀರು ಹಾಕಿ, ಉಪ್ಪು ಅರಿಶಿನ ಸವರಿ ಹತ್ತು ನಿಮಿಷ ಬಿಡಿ. ಒರೆಸಿ ಕಾದ ಹಂಚಿನ ಮೇಲೆ ಇಡಿ. ಎಣ್ಣೆ ಬೇಡ. ಒಂದು ಬದಿಗೆ ನಾಲ್ಕು ನಿಮಿಷ, ಇನ್ನೊಂದು ಬದಿಗೆ ಮೂರು.

ಕೊತ್ತಂಬರಿ, ಪುದೀನಾ, ಎರಡು ಹಸಿಮೆಣಸು, ಎರಡು ಎಸಳು ಬೆಳ್ಳುಳ್ಳಿ, ಉಪ್ಪು ಇಷ್ಟನ್ನು ಕಲ್ಲಿನಲ್ಲಿ ತರಿತರಿಯಾಗಿ ಜಜ್ಜಿ. ಲಿಂಬೆಹುಳಿ ಹಿಂಡಿ, ಒಂದು ಚಮಚ ಕೊಬ್ಬರಿ ಎಣ್ಣೆ ಬೆರೆಸಿ. ಮೀನು ಇಳಿಸಿದ ಮೇಲೆ ಅದರ ಮೇಲೆ ಹಾಕಿ.

ಬರುವುದರ ಬಗ್ಗೆ ಈಗಲೇ ಹೇಳಲಾರೆ. ನೋಡೋಣ. ಮಾವನವರಿಗೆ ನಮಸ್ಕಾರ ತಿಳಿಸಿ.

ಶೃತಿ

*

ಹಿರೇವಡ್ಡಟ್ಟಿ
14 ಜುಲೈ 2025

ಶೃತಿ,

ನಿನ್ನ ಕಾಗದ ಸರಕಾರದ ಸುತ್ತೋಲೆಯಂತಿತ್ತು. 'ನೋಡೋಣ' ಎಂದು ಬರೆದೆಯಲ್ಲ, ಆ ಒಂದು ಮಾತು ಬಿಟ್ಟರೆ ಉಳಿದದ್ದೆಲ್ಲ ಅರ್ಥವಾಯಿತು. ಅರ್ಥವಾಗಿಯೂ ಕೆಡಿಸಿದೆ, ಅದು ಬೇರೆ ಕತೆ.

ನಮ್ಮ ಪಕ್ಕದ ಮನೆಯ ಗುಲಾಬಬಿಯ ಮಗ ಇಜಾಜ ದಿನಾ ಗದಗಿಗೆ ಹೋಗಿ ಬರುತ್ತಾನಲ್ಲ, ಅವನ ಕೈಲಿ ನಾಲ್ಕು ಬಂಗುಡೆ ತರಿಸಿದೆ. ನಿನ್ನೆ ಭಾನುವಾರ ಹಿತ್ತಲಲ್ಲಿ ಮೂರು ಕಲ್ಲು ಹೂಡಿದೆ. 'ಎಣ್ಣೆ ಬೇಡ' ಎಂದು ನೀನು ಬರೆದಿದ್ದೆ. ನಮ್ಮ ಮನೆಯಲ್ಲಿ ಎಣ್ಣೆಗೆ ಬರವೇ ಎಂದು ನನಗೆ ರೇಗಿತು. ಸತ್ತ ಮಗನ ಎಡೆಗೆ ಜಿಪುಣತನ ಮಾಡಲೇ? ಎರಡು ಸೌಟು ಶೇಂಗಾ ಎಣ್ಣೆ ಸುರಿದೆ. ನಾಲ್ಕು ನಿಮಿಷದ ಮಾತನ್ನೂ ನಂಬಲಿಲ್ಲ. ಊರ ಮಕ್ಕಳಿಗೆಲ್ಲ ಬೇಯಿಸಿ ಹಾಕಿದವಳು ನಾನು, ಅರೆಬೆಂದದ್ದನ್ನು ಯಾರ ಮುಂದೂ ಇಟ್ಟವಳಲ್ಲ. ಇಪ್ಪತ್ತು ನಿಮಿಷ ಬೇಯಿಸಿದೆ. ಹಸಿ ಸೊಪ್ಪನ್ನು ಹಾಗೇ ಮೇಲೆ ಹಾಕಲು ಮನಸ್ಸು ಬರದೆ ಅದಕ್ಕೂ ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟೆ.

ಆ ಮೀನಿನಲ್ಲೇ ಅಷ್ಟೊಂದು ಎಣ್ಣೆ ಇರುತ್ತದೆಂದು ನೀನೇಕೆ ಬರೆಯಲಿಲ್ಲ? ಅದರದ್ದು, ನನ್ನದು ಎರಡೂ ಸೇರಿ ಹಂಚಿಗೆ ಬೆಂಕಿಯೇ ಹತ್ತಿತು. ಗುಲಾಬಬಿ ಗೋಡೆಯ ಆಚೆಯಿಂದ ಕೂಗಿದಳು, "ಏನ್ ಸುಡಾಕತ್ತೀಬೇ ಶಂಕ್ರೆವ್ವಾ? ಓಣಿ ತುಂಬ ಹೊಗಿ ಆಗೇತಿ!" ನಿನ್ನ ಮಾವ ತಟ್ಟೆಯನ್ನು ನೋಡಿ, "ಇದು ಮೀನ ಐತೋ, ಹೊಲದಾಗ ಸುಟ್ಟ ಜ್ವಾಳದ ಕೂಳಿ ಐತೋ?" ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಇಜಾಜನನ್ನು ಬೈದೆ, ಮೀನೇ ಸರಿಯಿಲ್ಲ ಎಂದು. ಅವನು ನಕ್ಕು ಹೋದ.

ತಪ್ಪು ಎಲ್ಲಿ ಎಲ್ಲಿ ಆಯಿತೋ ಬರೆ. ಇನ್ನು ಶ್ರಾವಣ ಬಂತು, ಒಂದು ತಿಂಗಳು ಒಲೆಯ ಮೇಲೆ ಮೀನು ಇಡುವಂತಿಲ್ಲ. ಅದು ಮುಗಿದ ಮೇಲೆ ಮತ್ತೆ ನೋಡುತ್ತೇನೆ.

ನೀನು ನನ್ನ ಮೇಲೆ ಸಿಟ್ಟಾಗಿದ್ದೀ ಎಂದು ನಿನ್ನ ಅಕ್ಷರವೇ ಹೇಳುತ್ತದೆ. ಮೂಗಿಗೆ ಸೆರಗು ಹಿಡಿದುಕೊಂಡಿದ್ದೆನಲ್ಲ, ಅದಕ್ಕೆ ಸಿಟ್ಟಾಗಲು ನಿನಗೆ ಹಕ್ಕಿದೆ. ಆದರೆ ಆ ಸಿಟ್ಟನ್ನು ಎಡೆಯ ಮೇಲೆ ತೋರಿಸಬೇಡ. ಬಾ.

ಶಂಕ್ರೆವ್ವ

*

ಕುಮಟಾ
24 ಜುಲೈ 2025

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಅಮ್ಮನೂ ನಾನೂ ನಕ್ಕೆವು. ಬಹಳ ದಿನವಾಗಿತ್ತು ಈ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕು.

ಬಂಗುಡೆ ತನ್ನ ಎಣ್ಣೆಯಲ್ಲಿ ತಾನೇ ಬೇಯುತ್ತದೆ. ಅದಕ್ಕೇ ಬೇಡ ಎಂದೆ. ಹಂಚು ಚೆನ್ನಾಗಿ ಕಾಯಲಿ, ಆಮೇಲೆ ಉರಿ ತಗ್ಗಿಸಿ. ಇಟ್ಟ ಮೇಲೆ ಕೆದಕಬೇಡಿ. ಮೊದಲು ಅಂಟಿಕೊಳ್ಳುತ್ತದೆ, ಚರ್ಮ ಗರಿಗರಿಯಾದಾಗ ತಾನೇ ಬಿಡುತ್ತದೆ. ಗೀರಿನ ಒಳಗೆ ಮಾಂಸ ಬೆಳ್ಳಗಾಗಿ ಮುಳ್ಳಿನಿಂದ ಸಲೀಸಾಗಿ ಬಿಟ್ಟುಕೊಂಡರೆ ಬೆಂದಿದೆ ಎಂದರ್ಥ, ಅರೆಬೆಂದದ್ದಲ್ಲ. ಇನ್ನೂ ಬೇಯಿಸಿದರೆ ಒಣಗಿ ನಾರಾಗುತ್ತದೆ. ಸೊಪ್ಪಿಗೆ ಬೆಂಕಿ ತೋರಿಸಲೇಬೇಡಿ. ಮೀನಿನ ಜಿಡ್ಡನ್ನು ಕಡಿಯುವುದು ಆ ಹಸಿತನ, ಆ ಹುಳಿ. ನೀವು ರೊಟ್ಟಿಯ ಜೊತೆ ಹಸಿ ಮೆಂತ್ಯದ ಪಚಡಿ ತಿನ್ನುವುದಿಲ್ಲವೇ? ಹಾಗೆಯೇ ಅಂದುಕೊಳ್ಳಿ.

ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಸಿಟ್ಟು ಇರುವುದು ನಿಮಗೆ ಎಂದುಕೊಂಡಿದ್ದೆ. ಅವರು ಹೋದ ದಿನ ನಾನು ಆ ಮನೆಯಲ್ಲಿರಲಿಲ್ಲ. ತಂಗಿಯ ಬಾಣಂತನ ಎಂದು ಇಲ್ಲಿ ಬಂದು ಕುಳಿತಿದ್ದೆ. ಮಣ್ಣಿನ ದಿನ ನೀವು ನನ್ನ ಮುಖ ನೋಡಲೇ ಇಲ್ಲ. ನಾನಿದ್ದಿದ್ದರೆ ಎಂದು ನೀವು ಅಂದುಕೊಂಡಿರಬೇಕು. ನಾನೂ ದಿನಾ ಅಂದುಕೊಳ್ಳುತ್ತೇನೆ.

ಅಮಾವಾಸ್ಯೆಯ ಹೊತ್ತಿಗೆ ಇಲ್ಲಿ ಸ್ವಲ್ಪ ಕೆಲಸವಿದೆ. ಬರಲಾಗದಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ಶೃತಿ

*

ಹಿರೇವಡ್ಡಟ್ಟಿ
25 ಆಗಸ್ಟ್ 2025, ಸೋಮವಾರ

ಮಗಳೇ,

ಶ್ರಾವಣ ಮುಗಿಯಿತು. ನಿನ್ನೆ ಮತ್ತೆ ಮಾಡಿದೆ. ಈ ಸಲ ಎಣ್ಣೆಯ ಡಬ್ಬಿಯನ್ನು ಒಳಗಿಟ್ಟು ಬಾಗಿಲು ಹಾಕಿಯೇ ಹಿತ್ತಲಲ್ಲಿ ಕುಳಿತೆ. ಹಂಚು ಕಾಯಿತು, ಮೀನು ಇಟ್ಟೆ, ಸೊಂಯ್ ಎಂದಿತು. ಕೈ ಸುಮ್ಮನಿರುವುದಿಲ್ಲವಲ್ಲ, ಅದಕ್ಕೇ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ನೀನು ಹೇಳಿದಂತೆ ಅದು ತಾನೇ ಬಿಟ್ಟಿತು. ಅಂಥ ಚಿನ್ನದ ಬಣ್ಣ ನಾನು ನೋಡಿರಲಿಲ್ಲ. ಪುದೀನಾ ಸಿಗಲಿಲ್ಲ. ಹೊಲದ ಬದುವಿನಿಂದ ಎಳೆಯ ಹಕ್ಕರಿಕೆ ಸೊಪ್ಪು, ನಾಲ್ಕು ಕಡ್ಡಿ ಮೆಂತ್ಯ ತಂದು ಕೊತ್ತಂಬರಿಯ ಜೊತೆ ಜಜ್ಜಿದೆ. ಕೊಬ್ಬರಿ ಎಣ್ಣೆ ನಮಗೆ ತಲೆಗಷ್ಟೇ, ಹಸಿ ಶೇಂಗಾ ಎಣ್ಣೆ ಒಂದೇ ಚಮಚ ಹಾಕಿದೆ, ಲಿಂಬೆ ಹಿಂಡಿದೆ. ನಿನ್ನ ಮಾವ ಒಂದು ತಿಂದರು. ಎರಡನೆಯದಕ್ಕೆ ಕೈ ಹಾಕಿದರು. ನಲವತ್ತು ವರ್ಷದಲ್ಲಿ ಅವರು ನನ್ನ ಅಡಿಗೆಗೆ ಕೊಟ್ಟ ದೊಡ್ಡ ಪ್ರಶಸ್ತಿ ಅದೇ.

ನಾನೂ ತಿಂದೆ. ಸೆರಗು ಹಿಡಿಯಲಿಲ್ಲ. ತಿಂದು ಮುಗಿಸಿ ಅತ್ತೆ. ಇಷ್ಟು ಸುಲಭದ್ದೇ, ಏಳು ನಿಮಿಷದ್ದೇ ಎಂದು ಅತ್ತೆ.

ಇಂದು ಸೋಮವಾರ. ನಿನಗೆ ಒಂದು ಮಾತು ಹೇಳಬೇಕು. ಒಂದೂವರೆ ವರ್ಷದಿಂದ ಮುಚ್ಚಿಟ್ಟಿದ್ದೇನೆ. ಅವನು ಹೋದದ್ದೂ ಸೋಮವಾರವೇ. ಹಿಂದಿನ ರಾತ್ರಿ ಕುಮಟೆಯಿಂದ ಬರುವಾಗ ಮಂಜುಗಡ್ಡೆಯಲ್ಲಿಟ್ಟು ಆರು ಬಂಗುಡೆ ತಂದಿದ್ದ. ನೀನು ಅಲ್ಲಿಂದ ಮಾಡುವ ಬಗೆ ಹೇಳಿ ಕಳಿಸಿದ್ದೆಯಂತೆ. ಬೆಳಿಗ್ಗೆ ಎದ್ದು, "ಯವ್ವಾ, ನಾನ ಮಾಡ್ಕೋತೀನಿ, ನೀ ಮುಟ್ಟಬ್ಯಾಡ. ಹಿತ್ತಲದಾಗ ಏಳ ನಿಮಿಷದಾಗ ಆಗತೈತಿ" ಎಂದ. ನಾನು, "ಸೋಮವಾರ ನನ್ನ ಮನ್ಯಾಗ ಮೀನ ಸುಡತೀಯೇನಲೇ? ನಾ ಸತ್ತ ಮ್ಯಾಲ ಸುಡಕೋ" ಎಂದೆ. ಅಷ್ಟಕ್ಕೇ ಬಿಡಲಿಲ್ಲ. ಮೀನಿನ ಚೀಲ ತೆಗೆದುಕೊಂಡು ಹೋಗಿ ಅವನ ಕಣ್ಣೆದುರೇ ಗುಲಾಬಬಿಗೆ ಕೊಟ್ಟುಬಿಟ್ಟೆ. ಅವನು, "ಆತ ಬಿಡಬೇ" ಎಂದ. ಒಂದು ಕಟಿ ರೊಟ್ಟಿಗೆ ಚಟ್ನಿ ಸವರಿಕೊಂಡು ಅರ್ಧ ತಿಂದ, ಅರ್ಧ ಬಿಟ್ಟ. ಹನ್ನೊಂದಕ್ಕೆ ಲಾರಿ ಹತ್ತಿದ. ಸಂಜೆ ಘಟ್ಟದಿಂದ ಫೋನು ಬಂತು, ಲಾರಿ ಉರುಳಿತು ಎಂದು.

ಮಣ್ಣಿನ ದಿನ ನಾನು ನಿನ್ನ ಮುಖ ನೋಡಲಿಲ್ಲ, ಖರೆ. ಹೇಗೆ ನೋಡಲಿ? ನಿನ್ನ ಗಂಡನನ್ನು ನಾನು ಹಸಿದ ಹೊಟ್ಟೆಯಲ್ಲಿ ಕಳಿಸಿದ್ದೆ. 'ಊಟ ಮಾಡಿ ಹೋದರಾ?' ಎಂದು ನೀನು ಎಲ್ಲಿ ಕೇಳುತ್ತೀಯೋ ಎಂದು ಹೆದರಿ ತಿರುಗಿ ಕುಳಿತಿದ್ದೆ. ನಿನ್ನ ತಪ್ಪು ಏನೂ ಇಲ್ಲ, ಶೃತಿ. ನಿನ್ನನ್ನು ನಾನು ಒಂದು ದಿನವೂ ಹಾಗೆ ಅಂದುಕೊಂಡಿಲ್ಲ. ಗುಲಾಬಬಿ ಅವತ್ತಿನಿಂದ ಮನೆಯೊಳಗೆ ಮೀನು ತಂದಿಲ್ಲ. ನಾನು ಮಾತ್ರ ಊಟ, ನಿದ್ದೆ ಎಲ್ಲ ಮಾಡಿಕೊಂಡು ಗಟ್ಟಿಯಾಗಿದ್ದೇನೆ.

ಅದಕ್ಕೇ ಬಾ ಎನ್ನುವುದು. ಮಾಡಲು ನಾನೂ ಕಲಿತೆ, ಆದರೆ ನನ್ನ ಕೈಯಿಂದ ಇಟ್ಟರೆ ಅವನು ಒಲ್ಲೆ ಎಂದಾನು ಎಂದು ಭಯ. ನಿನ್ನ ಕೈಯಿಂದ ಉಣ್ಣಲಿ.

ನಿನ್ನ ಅತ್ತೆ

*

ಕುಮಟಾ
2 ಸೆಪ್ಟೆಂಬರ್ 2025

ಅವ್ವಾ,

ಅವರು ಹಾಗೆಯೇ ನಿಮ್ಮನ್ನು ಕರೆಯುತ್ತಿದ್ದರು. ಇವತ್ತೊಂದು ದಿನ ನಾನೂ ಕರೆಯುತ್ತೇನೆ. ಮುಂದೆ ಕರೆಯಲು ನೀವು ಬಿಡುತ್ತೀರೋ ಇಲ್ಲವೋ.

ಅವತ್ತು ಹತ್ತೂವರೆಗೆ ಅವರು ನನಗೆ ಫೋನು ಮಾಡಿದ್ದರು. ನಗುತ್ತಿದ್ದರು. "ನಮ್ಮವ್ವ ಮೀನೆಲ್ಲಾ ದಾನಾ ಮಾಡಿಬಿಟ್ಟಳಲೇ, ದೊಡ್ಡ ಶರಣಿ ಆಗ್ಯಾಳ" ಎಂದರು. ನಿಮ್ಮ ಮೇಲೆ ಒಂದು ಚೂರೂ ಸಿಟ್ಟಿರಲಿಲ್ಲ. ದಾರಿಯಲ್ಲಿ ಊಟ ಮಾಡುತ್ತೇನೆ ಎಂದರು, ಹುಬ್ಬಳ್ಳಿ ದಾಟಿ ಊಟ ಮಾಡಿದರು ಕೂಡ, ಜೊತೆಗಿದ್ದ ಕ್ಲೀನರ್ ಆಮೇಲೆ ನನಗೆ ಹೇಳಿದ. ಇದನ್ನು ಎಂದೋ ನಿಮಗೆ ಹೇಳಬಹುದಿತ್ತು. ನೀವು ಇಂಥದ್ದನ್ನು ಹೊತ್ತುಕೊಂಡಿದ್ದೀರೆಂದು ನನಗೆ ಹೇಗೆ ಗೊತ್ತಾಗಬೇಕು?

ನೀವು ಮುಚ್ಚಿಟ್ಟದ್ದನ್ನು ಬರೆದಿರಿ. ನಾನು ಮುಚ್ಚಿಟ್ಟದ್ದನ್ನೂ ಬರೆಯುತ್ತೇನೆ. ಅಮಾವಾಸ್ಯೆಗೆ ಇಲ್ಲಿ ಏನೂ ಕೆಲಸವಿಲ್ಲ, ಸುಳ್ಳು ಹೇಳಿದೆ. ಸುಭಾಸ ಎಂದು ಒಬ್ಬರು ನನ್ನನ್ನು ಮದುವೆಯಾಗಲು ಕೇಳಿದ್ದಾರೆ. ಲಕ್ಷ್ಮೇಶ್ವರದವರು, ಇಲ್ಲಿನ ಗ್ಯಾರೇಜಿನಲ್ಲಿ ಲಾರಿ ರಿಪೇರಿ ಮಾಡುತ್ತಾರೆ. ಅಪ್ಪ ಅಮ್ಮನಿಗೆ ಒಪ್ಪಿಗೆಯಿದೆ. ನನಗೂ ಇದೆ. ಇಪ್ಪತ್ತೊಂಬತ್ತು ವರ್ಷ ನನಗೆ. ಸಂಜೆ ಮನೆಗೆ ಬಂದು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸುತ್ತದೆ. ಸೋಮೇಶ ಅವರ ಹೆಸರು ಎತ್ತಿದರೆ ಸುಭಾಸ ಎದ್ದು ಹೋಗುವುದಿಲ್ಲ. ಕುಳಿತು ಕೇಳುತ್ತಾರೆ.

ನಿಮ್ಮ ಮೊದಲ ಪತ್ರ ಬಂದಾಗಲೇ ಮಾತು ಮುಗಿದಿತ್ತು. ದೀಪಾವಳಿ ಕಳೆದ ಮೇಲೆ ಎಂದು ಗೊತ್ತು ಮಾಡಿದ್ದಾರೆ. ನೀವು 'ನೀನೇ ಬಂದು ಎಡೆ ಇಡಬೇಕು' ಎಂದು ಬರೆದಿರಿ. ಇನ್ನೊಬ್ಬರನ್ನು ಒಪ್ಪಿಕೊಂಡು ಬಂದು ಅವರ ಎಡೆ ಮುಟ್ಟುವುದು ಹೇಗೆ? ಇಲ್ಲಿ ಎಲ್ಲರೂ ಹೇಳುವುದು ಒಂದೇ, ಮರುಮದುವೆಯಾದ ಮೇಲೆ ಆ ಮನೆಯ ಸತ್ತವರೂ ನಿನ್ನವರಲ್ಲ, ಇದ್ದವರೂ ನಿನ್ನವರಲ್ಲ ಎಂದು. ಸುಭಾಸ ಬೇಕು ನನಗೆ. ಆದರೆ ಅದಕ್ಕಾಗಿ ನಿಮ್ಮನ್ನೂ ಮಾವನವರನ್ನೂ ಕಳೆದುಕೊಳ್ಳಬೇಕು ಎಂದರೆ ಸಹಿಸಲಾರೆ. ಸೋಮೇಶ ಅವರಿಗೆ ವರ್ಷಕ್ಕೊಂದು ದಿನ ಎರಡು ಮೀನು ಮಾಡಿ ಇಡುವುದೂ ನನಗಿಲ್ಲ ಎಂದರೆ ಅದನ್ನೂ ಸಹಿಸಲಾರೆ.

ಬೈಯುವುದಿದ್ದರೆ ಕಾಗದದಲ್ಲೇ ಬೈಯಿರಿ. ಸುಮ್ಮನೆ ಮಾತ್ರ ಇರಬೇಡಿ.

ಶೃತಿ

*

ಹಿರೇವಡ್ಡಟ್ಟಿ
13 ಸೆಪ್ಟೆಂಬರ್ 2025

ಶೃತಿ,

ಸುಮ್ಮನಿರಬೇಡ ಎಂದು ನೀನು ಬರೆದಿದ್ದೆ, ನಾನು ಎಂಟು ದಿನ ಸುಮ್ಮನಿದ್ದೆ. ಸಿಟ್ಟು ಬಂದಿತ್ತು. ನಿನ್ನ ಮೇಲೆ, ಆ ಸುಭಾಸನ ಮೇಲೆ, ಲಾರಿ ರಿಪೇರಿ ಮಾಡುವ ಎಲ್ಲರ ಮೇಲೆ. ಎರಡು ಕಾಗದ ಬರೆದು ಒಲೆಗೆ ಹಾಕಿದೆ. ಒಂದರಲ್ಲಿ, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಬರೆದಿದ್ದೆ. ಅಂಬಿಗರ ಮನೆಯವಳಾಗಿ ಅದೇ ಗಾದೆ ಹುಡುಕಿದೆನಲ್ಲ, ಎಷ್ಟು ಕೆಟ್ಟ ಬುದ್ಧಿ ನೋಡು.

ಮಗ ಹೊಟ್ಟೆ ತುಂಬ ಉಂಡಿದ್ದ, ನಕ್ಕಿದ್ದ ಎಂದು ನೀನು ಬರೆದ ಸಾಲನ್ನು ಮಾತ್ರ ದಿನಕ್ಕೆ ನಾಲ್ಕು ಸಲ ಓದಿದೆ. ಉಳಿದದ್ದನ್ನು ಓದುವಾಗ ಮಾತ್ರ ಕಣ್ಣು ಮುಂದೆ ಹಾರುತ್ತಿತ್ತು.

ಮೂರನೆಯ ಕಾಗದ ಶುರು ಮಾಡಿದಾಗ ನಿನ್ನ ಮಾವ ಬಂದು ಕುಳಿತರು. ಎಲ್ಲ ಹೇಳಿದೆ. ಅವರು ಮೀಸೆ ಸವರಿಕೊಂಡು, "ಈಶಪ್ಪಂದು ಆಕಿಗೆ ಹೇಳೀಯೇನು?" ಎಂದರು. "ಇಲ್ಲ" ಎಂದೆ. "ಮತ್ತ ಆಕಿ ಮ್ಯಾಲ ಯಾಕ ಸಿಟ್ಟ ಮಾಡ್ತಿ? ನೀ ಹೇಳಿದ್ದರ ಆ ಹುಡುಗಿ ಮೂರ ತಿಂಗಳು ಯಾಕ ಅಂಜತಿತ್ತು?" ಎಂದು ಎದ್ದು ಹೊಲಕ್ಕೆ ಹೋದರು.

ಈಶಪ್ಪ ನನ್ನ ಮೊದಲ ಗಂಡ. ಹದಿನೆಂಟಕ್ಕೆ ಮದುವೆ, ಹತ್ತೊಂಬತ್ತಕ್ಕೆ ಅವನು ಹೋದ. ಹೊಲದಲ್ಲಿ ಹಾವು ಕಡಿಯಿತು. ಎರಡು ವರ್ಷ ಕಳೆದ ಮೇಲೆ ಹಿರಿಯರು ನನ್ನನ್ನು ನಿನ್ನ ಮಾವನಿಗೆ ಉಡಿಕಿ ಮಾಡಿಕೊಟ್ಟರು. ನಮ್ಮಲ್ಲಿ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆ ತುಂಬಿಸುವುದಕ್ಕೆ ಉಡಿಕಿ ಎನ್ನುತ್ತಾರೆ. ಮಾಡುತ್ತಾರೆ, ಆದರೆ ಮದುವೆಯಾದವಳ ಸಾಲಿನಲ್ಲಿ ಕೂರಿಸುವುದಿಲ್ಲ. ನಿನ್ನ ಮದುವೆಯಲ್ಲಿ ಆರತಿ ಎತ್ತಲು ನಾನು ಬರಲಿಲ್ಲ, ಸೊಂಟ ನೋವು ಎಂದೆ. ಸೊಂಟ ನೆಟ್ಟಗೇ ಇತ್ತು. ಉಡಿಕಿಯವಳು ಎತ್ತಬಾರದು ಎಂದು ಯಾರಾದರೂ ಹೇಳುವ ಮೊದಲು ನಾನೇ ಸರಿದು ನಿಂತೆ. ಟೀಚರ್ ಎನ್ನಿಸಿಕೊಂಡ ಮೇಲೆ ಈ ಮಾತು ಯಾರ ಬಾಯಲ್ಲೂ ಬರದಿರಲಿ ಎಂದು ನೋಡಿಕೊಂಡೆ. ಸೋಮೇಶನಿಗೂ ಹೇಳಲಿಲ್ಲ.

ಈ ಮನೆಗೆ ಬಂದ ಮೊದಲ ಅಮಾವಾಸ್ಯೆ. ಇವರ ಅಪ್ಪನಿಗೆ, ಅಜ್ಜನಿಗೆ ಎಲೆ ಹಾಕುತ್ತಿದ್ದೆ. ಒಲೆಯ ಮುಂದೆ ಕಣ್ಣು ಒರೆಸಿಕೊಂಡದ್ದನ್ನು ಇವರು ನೋಡಿದರು. "ಅಂವಗ ಏನ ಸೇರತಿತ್ತು?" ಎಂದು ಕೇಳಿದರು. ಯಾರಿಗೆ ಎಂದು ನಾನು ಕೇಳಲಿಲ್ಲ. "ಮಿರ್ಚಿ ಭಜಿ" ಎಂದೆ. ಅಷ್ಟೇ, ಸೈಕಲ್ ತೆಗೆದುಕೊಂಡು ಮುಂಡರಗಿಗೆ ಹೋದರು. ಬರುವಷ್ಟರಲ್ಲಿ ಮಿರ್ಚಿ ಆರಿ ತಣ್ಣಗಾಗಿತ್ತು. ತಾವೇ ಇನ್ನೊಂದು ಎಲೆ ಹಾಕಿ, ಅದರ ಮೇಲಿಟ್ಟು, ಕೈಮುಗಿದರು. ನಲವತ್ತು ವರ್ಷವಾಯಿತು, ಒಂದು ವರ್ಷವೂ ತಪ್ಪಿಸಿಲ್ಲ. ನಮ್ಮ ಮನೆಯಲ್ಲಿ ಹಿರಿಯರ ಎಲೆಗಳ ಸಾಲಿನಲ್ಲಿ ಒಂದರ ಮೇಲೆ ಬರೀ ಮಿರ್ಚಿ ಇರುವುದನ್ನು ನಾಲ್ಕು ವರ್ಷ ನೀನೂ ನೋಡಿದ್ದೀ. ಯಾವ ಅಜ್ಜನದೋ ಚಪಲ ಎಂದುಕೊಂಡಿರಬೇಕು. ಅದು ಈಶಪ್ಪನದು.

ನೋಡು, ಇನ್ನೊಬ್ಬರ ಮನೆ ತುಂಬಿದ ಮೇಲೂ ನನ್ನ ಸತ್ತವನು ನನ್ನವನಾಗಿಯೇ ಉಳಿದ. ಅದು ನನ್ನ ದೊಡ್ಡತನವಲ್ಲ, ಇವರದು. ನಿನ್ನ ಸುಭಾಸ ಅಂಥವನು ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಕುಳಿತು ಕೇಳುತ್ತಾನೆ ಎಂದು ಬರೆದಿದ್ದೀ. ಕೇಳುವುದು ಸುಲಭ. ಎದ್ದು ಹೋಗಿ ತರುತ್ತಾನೋ ನೋಡಬೇಕು.

ನನಗೆ ಈಗಲೂ ಸಂಕಟವಾಗುತ್ತದೆ, ಸುಳ್ಳು ಹೇಳುವುದಿಲ್ಲ. ನಿನ್ನ ಪಕ್ಕದಲ್ಲಿ ಬೇರೆಯವನನ್ನು ನೋಡಿದಾಗ ನಾನು ಒಳಗೆ ಹೋಗಿ ಸ್ವಲ್ಪ ಅಳಬಹುದು. ಅತ್ತರೆ ಅಳುತ್ತೇನೆ, ನೀನು ಹಿಂದೆ ಬರಬೇಡ. ದೀಪಾವಳಿ ಆದ ಮೇಲೆ ಸೀರೆ ಉಡಿಸುವುದು ನನ್ನ ಕೈಯಿಂದಲೇ ಆಗಬೇಕು, ನಿಮ್ಮಮ್ಮನಿಗೆ ಹೇಳಿಡು. ಆರತಿಯನ್ನೂ ನಾನೇ ಎತ್ತುತ್ತೇನೆ, ಯಾರು ಏನು ಅನ್ನುತ್ತಾರೋ ನೋಡೇಬಿಡೋಣ.

ಇಪ್ಪತ್ತನೇ ತಾರೀಖು ಶನಿವಾರ ರಾತ್ರಿಯ ಬಸ್ಸಿಗೆ ಇಬ್ಬರೂ ಹೊರಡಿ. ಭಾನುವಾರ ಬೆಳಿಗ್ಗೆ ಎಡೆ. ಮಿರ್ಚಿ ನಿನ್ನ ಮಾವ ತರುತ್ತಾರೆ. ಮೀನು ಸುಭಾಸ ತರಲಿ.

ಅವ್ವ